ಪ್ರಾಜೆಕ್ಟ್ ಎಕೋ

ಪ್ರಾಜೆಕ್ಟ್ ಎಕೋ ಎಂಬುದು ದೂರದ ಊರುಗಳ ವೈದ್ಯರು, ದಾದಿಯರು ಮತ್ತು ಇತರ ಆರೋಗ್ಯ ಸಿಬ್ಬಂದಿಗೆ ಅಂತರಜಾಲದ ಮೂಲಕ ಗುಂಪಾಗಿ ತರಬೇತಿ ನೀಡುವ ವಿಧಾನ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಯಕೃತ್ ತಜ್ಞ, ಭಾರತೀಯ ಮೂಲದ ಸಂಜೀವ್ ಅರೋರಾ ಅವರು ಇದನ್ನು 2003ರಲ್ಲಿ ಆರಂಭಿಸಿದರು.

ಹಿನ್ನೆಲೆ

ನ್ಯೂ ಮೆಕ್ಸಿಕೋ ವಿಸ್ತಾರವಾದ, ಜನವಸತಿ ವಿರಳವಾದ ರಾಜ್ಯ. ಅಲ್ಲಿನ ಹೆಪಟೈಟಿಸ್ ಸಿ ರೋಗಿಗಳು ಅಲ್ಬುಕರ್ಕಿ ನಗರದ ತಜ್ಞರನ್ನು ಕಾಣಲು ಎಂಟು ತಿಂಗಳವರೆಗೂ ಕಾಯಬೇಕಾಗುತ್ತಿತ್ತು. ಕೆಲವರು ಸುಮಾರು 400 ಕಿಲೋಮೀಟರ್ ಪ್ರಯಾಣಿಸಬೇಕಾಗುತ್ತಿತ್ತು. ಇಂಟರ್‌ಫೆರಾನ್ ಮತ್ತು ರಿಬಾವಿರಿನ್ ಬಳಸುತ್ತಿದ್ದ ಅಂದಿನ ಚಿಕಿತ್ಸೆ ಹಲವು ತಿಂಗಳು ನಡೆಯುತ್ತಿತ್ತು. ರಕ್ತಹೀನತೆ, ಖಿನ್ನತೆಗಳಂತಹ ಅಡ್ಡಪರಿಣಾಮಗಳ ಕಾರಣ ಮೇಲಿಂದ ಮೇಲೆ ತಪಾಸಣೆ ಅನಿವಾರ್ಯವಾಗಿತ್ತು. ಈ ಹೊಣೆ ಹೊರಲು ಸ್ಥಳೀಯ ವೈದ್ಯರು ಹಿಂಜರಿಯುತ್ತಿದ್ದರು. ಹೀಗಾಗಿ ಗುಣಪಡಿಸಬಹುದಾದ ಕಾಯಿಲೆಗೂ ಬಹುಪಾಲು ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ.

ಕಾರ್ಯವಿಧಾನ

ನಿಗದಿತ ದಿನದಂದು ಸ್ಥಳೀಯ ಕೇಂದ್ರಗಳ ಸಿಬ್ಬಂದಿ ವಿಡಿಯೋ ಮೂಲಕ ಸೇರುತ್ತಾರೆ. ಒಬ್ಬ ವೈದ್ಯರು ತಮ್ಮ ರೋಗಿಯ ಹೆಸರು ಹೇಳದೆ ರೋಗಲಕ್ಷಣ, ಪರೀಕ್ಷೆಗಳ ವಿವರ ಹಾಗೂ ತಮಗಿರುವ ಸಂದೇಹವನ್ನು ಮಂಡಿಸುತ್ತಾರೆ. ಮೊದಲು ಇತರ ಕೇಂದ್ರಗಳವರು, ಅನಂತರ ತಜ್ಞರು ಅಭಿಪ್ರಾಯ ನೀಡುತ್ತಾರೆ. ಹೆಪಟೈಟಿಸ್ ತಂಡದಲ್ಲಿ ಯಕೃತ್ ತಜ್ಞರ ಜೊತೆ ಮನೋವೈದ್ಯರೂ ಔಷಧ ತಜ್ಞರೂ ಇರುತ್ತಿದ್ದರು. ಕಿರು ಉಪನ್ಯಾಸವೂ ಇರುತ್ತದೆ. ಆದರೆ ಕಲಿಕೆಯ ತಿರುಳಿರುವುದು ರೋಗಿಯ ಕುರಿತ ಚರ್ಚೆಯಲ್ಲೇ.

ಇದು ದೂರವೈದ್ಯಕೀಯಕ್ಕಿಂತ ಭಿನ್ನ. ಅಲ್ಲಿ ತಜ್ಞರೇ ರೋಗಿಯನ್ನು ನೋಡುತ್ತಾರೆ; ಇಲ್ಲಿ ಚಿಕಿತ್ಸೆಯ ನಿರ್ಧಾರವೂ ಹೊಣೆಯೂ ಸ್ಥಳೀಯ ವೈದ್ಯರದ್ದೇ. ಒಬ್ಬರ ಪ್ರಶ್ನೆಗೆ ದೊರೆತ ಉತ್ತರವನ್ನು ಎಲ್ಲರೂ ಕೇಳುವುದರಿಂದ, ಮುಂದೆ ಅಂಥದೇ ರೋಗಿ ಬಂದಾಗ ಉಳಿದವರಿಗೂ ಅದು ನೆರವಾಗುತ್ತದೆ. ಊರಿಗೊಬ್ಬರೇ ವೈದ್ಯರಿರುವ ಕಡೆ ಸಹೋದ್ಯೋಗಿಗಳ ಈ ಒಡನಾಟವೂ ಸಣ್ಣ ಪ್ರಯೋಜನವೇನಲ್ಲ.

ಫಲಿತಾಂಶ

407 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಣಮುಖರಾದವರ ಪ್ರಮಾಣ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇ. 57.5 ಇದ್ದರೆ, ತರಬೇತಿ ಪಡೆದ 21 ಸ್ಥಳೀಯ ಕೇಂದ್ರಗಳಲ್ಲಿ ಶೇ. 58.2 ಇತ್ತು. ಈ ಕೇಂದ್ರಗಳಲ್ಲಿ ಐದು ಸೆರೆಮನೆಗಳಿದ್ದವು ಎಂಬುದು ಗಮನಾರ್ಹ. ರೋಗಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲವಾದ್ದರಿಂದ ಸ್ಥಳೀಯ ಚಿಕಿತ್ಸೆಯೇ ಮೇಲೆಂದು ಇದರಿಂದ ಹೇಳಲಾಗದು. ತಜ್ಞರ ಚಿಕಿತ್ಸೆಗೆ ಸರಿಸಮವೆಂದು ಹೇಳಲು ಮಾತ್ರ ಆಧಾರವಿದೆ.

ಭಾರತದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ಈ ವಿಧಾನವನ್ನು ಅಳವಡಿಸಿಕೊಂಡಿದೆ. ಛತ್ತೀಸಗಢದ ಗ್ರಾಮೀಣ ಜಿಲ್ಲೆಗಳ ಆಪ್ತಸಮಾಲೋಚಕರಿಗೆ ನೀಡಿದ ತರಬೇತಿಯಲ್ಲಿ, ಬೆಂಗಳೂರಿನಲ್ಲಿ ಕೆಲವು ದಿನ ಮುಖಾಮುಖಿ ಪಾಠ ನಡೆಸಿ, ಅನಂತರದ ಚರ್ಚೆಗಳನ್ನು ಅಂತರಜಾಲದಲ್ಲಿ ಮುಂದುವರಿಸಲಾಯಿತು.