ಒಂದು ಫ್ರೇಮು, ಹತ್ತೂರಿನ ಬಿಡಿಭಾಗ

ಕನಕಪುರ ರಸ್ತೆಯಲ್ಲಿ ಯಲಚೇನಹಳ್ಳಿಯಿಂದಾಚೆಗೆ ಮೆಟ್ರೊ ಓಡತೊಡಗಿದ್ದು 2021ರ ಜನವರಿಯಲ್ಲಿ. ಆ ರಸ್ತೆಗೆ ಹತ್ತಿರದ ವಸಂತಪುರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ತೆಕ್ಕೆಗೆ ಬಂದದ್ದು 2007ರಲ್ಲಿ. ಅದಕ್ಕೂ ಮೊದಲು ಅದು ವಸಂತವಲ್ಲಭರಾಯನ ಗುಡ್ಡ, ಅಲ್ಲೊಂದು ಕಲ್ಯಾಣಿ, ಸುತ್ತ ಹೊಲ ತೋಟಗಳಿದ್ದ ಹಳ್ಳಿ. ಬನಶಂಕರಿಗೋ ಜಯನಗರಕ್ಕೋ ಕೆ.ಆರ್. ಮಾರುಕಟ್ಟೆಗೋ ಹೊರಟವರಿಗೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಸೈಕಲ್ಲು. ಆ ಕಾಲದ ಉಕ್ಕಿನ ಸೈಕಲ್ಲುಗಳು ಈಗಲೂ ಹಳೇ ಮನೆಗಳ ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಪಕ್ಕ, ಶೀಟಿನ ಮಾಡಿನಡಿ ಧೂಳು ತಿನ್ನುತ್ತ ನಿಂತಿವೆ. ಅವನ್ನು ಹೊರಗೆಳೆದು ಮತ್ತೆ ರಸ್ತೆಗಿಳಿಸುವವರು ದಕ್ಷಿಣ ಬೆಂಗಳೂರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ.

ಅಂಥವರಿಗೆ ಮೊದಲ ದಿನವೇ ಗೊತ್ತಾಗುವ ಸಂಗತಿಯೊಂದಿದೆ. ಹಳೇ ಸೈಕಲ್ಲು ಒಂದೇ ಕಂಪನಿಯ ಮಾಲಾಗಿ ಉಳಿದಿರುವುದು ತೀರಾ ಅಪರೂಪ. ಫ್ರೇಮು ಮದ್ರಾಸಿನದು, ಪೆಡಲು ಲೂಧಿಯಾನದ್ದು, ಸೀಟು ಇನ್ನೆಲ್ಲಿಯದೋ, ಹಿಂದಿನ ರಿಮ್ಮು ನಿನ್ನೆ ಮೊನ್ನೆಯದು. ಇದನ್ನು ಕುಂದು ಎಂದು ನೋಡುವವರಿದ್ದಾರೆ. ಆದರೆ ಬೆಂಗಳೂರಿನ ಸೈಕಲ್ಲಿನ ಚರಿತ್ರೆ ಬರೆಯಲು ಕೂತರೆ ಈ ಬೆರಕೆ ಸೈಕಲ್ಲಿಗಿಂತ ನಂಬಿಕಸ್ಥ ದಾಖಲೆ ಇನ್ನೊಂದಿಲ್ಲ.

ಸೈಕಲ್ಲಿನ ಮೂಲ ರೂಪ ಹೊರಗಿನಿಂದ ಬಂದದ್ದು. ಎರಡೂ ಚಕ್ರ ಹೆಚ್ಚು ಕಡಿಮೆ ಒಂದೇ ಅಳತೆಯ, ಚೈನಿನಿಂದ ಹಿಂದಿನ ಚಕ್ರ ತಿರುಗುವ ರೋವರ್ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನಲ್ಲಿ 1885ರಲ್ಲಿ ಮಾಡಿದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಕೊಟ್ಟ. ಅಲ್ಲಿಂದ ಮುಂದೆ ಉಕ್ಕಿನ ಕೊಳವೆಗಳ ತುದಿಗಳನ್ನು ‘ಲಗ್ಗು’ ಎಂಬ ಜೋಡುತೋಳಿನೊಳಗೆ ಕೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯುವುದೇ ಪದ್ಧತಿಯಾಯಿತು. ರೇಸಿಗೆ ಹಗುರ ಬೇಕೆಂದಾಗ 1935ರಲ್ಲಿ ರೆನಾಲ್ಡ್ಸ್ ಕಂಪನಿ 531 ಎಂಬ ಮಿಶ್ರಲೋಹದ ಕೊಳವೆ ತಂದಿತು. ತುದಿಗಳಲ್ಲಿ ದಪ್ಪ, ನಡುವೆ ತೆಳು. ಆ ಸಂಖ್ಯೆಯ ಸ್ಟಿಕ್ಕರ್ ಇರುವ ಫ್ರೇಮು ಕೈಗೆ ಸಿಕ್ಕರೆ ಇವತ್ತಿಗೂ ಹವ್ಯಾಸಿಗಳ ಮುಖ ಅರಳುತ್ತದೆ.

ನಮ್ಮಲ್ಲಿ ತಯಾರಿಕೆ ಶುರುವಾದ ಮೇಲೆ ಕತೆ ಬೇರೆ ದಾರಿ ಹಿಡಿಯಿತು. ಬೊಂಬಾಯಿಯ ಹಿಂದ್ ಸೈಕಲ್ಸ್ 1939ರದು. 1949ರಲ್ಲಿ ಮುರುಗಪ್ಪ ಮನೆತನ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಕಟ್ಟಿತು. ಮದ್ರಾಸಿನ ಅಂಬತ್ತೂರಿನಿಂದ ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್ಎ ಬಂದವು. ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್–ರ‍್ಯಾಲಿ, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ. ಇಂಗ್ಲೆಂಡಿನ ಮಾಲಿಗೆ ಆಮದು ಲೈಸೆನ್ಸು ಸಿಗುವುದು ಕಷ್ಟವಾದಂತೆ ಈ ಹೆಸರುಗಳೇ ಮನೆಮಾತಾದವು. ಬೆಂಗಳೂರಿಗೆ ಹತ್ತಿರವಿದ್ದದ್ದು ಮದ್ರಾಸು. ದಕ್ಷಿಣ ಬೆಂಗಳೂರಿನ ಹಳೇ ಮನೆಗಳಲ್ಲಿ ಬಿಎಸ್ಎ, ಹರ್ಕ್ಯುಲಿಸ್ ಲಾಂಛನ ಮೇಲಿಂದ ಮೇಲೆ ಕಣ್ಣಿಗೆ ಬೀಳುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಕೊಳ್ಳುವವರಿಗೂ ಇಲ್ಲಿ ಕೊರತೆ ಇರಲಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಪಾಳಿ ಬಿಟ್ಟಾಗ ಈ ಕಾರ್ಖಾನೆಗಳ ಗೇಟಿನಿಂದ ಹೊಳೆಯಂತೆ ಹೊರಬರುತ್ತಿದ್ದದ್ದು ಸೈಕಲ್ಲು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ಅಡ್ಡರಸ್ತೆಗಳೂ ಆಗಿನ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದಂತಿದ್ದವು. ಮೂಲೆಗೊಂದು ಸೈಕಲ್ ಷಾಪು, ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ಕಾಲು ಎಟುಕದ ಹುಡುಗರ ಒಳಪೆಡ್ಲು. ಅರವತ್ತು ದಾಟಿದ ಯಾರನ್ನು ಕೇಳಿದರೂ ಈ ಮೂರನ್ನೂ ಹೇಳುತ್ತಾರೆ.

ಬೆರಕೆ ಹುಟ್ಟಿದ್ದು ಆ ಷಾಪುಗಳಲ್ಲೇ. ವರ್ಷಕ್ಕೊಮ್ಮೆ ‘ಓವರಾಯಿಲಿಂಗ್’ಗೆ ಬಿಟ್ಟ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಸೀಮೆಎಣ್ಣೆಯ ಬಾಣಲೆಯಲ್ಲಿ ನೆನೆಹಾಕಿ, ಸವೆದದ್ದನ್ನು ಬದಲಿಸುತ್ತಿದ್ದರು. ಕಂಪನಿಯ ಅಸಲಿ ಭಾಗ ದುಬಾರಿ. ಲೂಧಿಯಾನದ ಮಾಲು ಅಗ್ಗ, ಕೈಗೆ ಸಿಗುವಂಥದ್ದು. ಮುಂದಿನ ಚಕ್ರದ ಹಬ್ಬಿಗೆ ಕಡೆಗೆ ಹತ್ತರಂತೆ ಚಿಕ್ಕ ಬೇರಿಂಗ್ ಗುಂಡು, ಹಿಂದಿನದಕ್ಕೆ ಒಂಬತ್ತರಂತೆ ದೊಡ್ಡ ಗುಂಡು, ಎರಡು ಪೆಡಲಿನ ಕೈಗಳನ್ನು ಸೇರಿಸುವ ನಡುಗಡ್ಡಿಗೆ ಹನ್ನೊಂದರಂತೆ: ಈ ಲೆಕ್ಕ ಗೊತ್ತಿದ್ದ ಮೆಕ್ಯಾನಿಕ್ಕಿಗೆ ಸೈಕಲ್ಲು ಯಾವ ಕಂಪನಿಯದಾದರೂ ಒಂದೇ. ಹೀಗೆ ಇಪ್ಪತ್ತು ಮೂವತ್ತು ವರ್ಷ ಕಳೆದಾಗ ಅಪ್ಪ ಕೊಂಡ ಸೈಕಲ್ಲಿನಲ್ಲಿ ಅಪ್ಪ ಕೊಂಡದ್ದೆಂದು ಉಳಿದಿದ್ದದ್ದು ಫ್ರೇಮು, ಫೋರ್ಕು, ಬಹುಶಃ ಬೆಲ್ಲು.

ಬಾಗಿದ ಹ್ಯಾಂಡಲ್ಲಿನ ರೇಸಿಂಗ್ ಸೈಕಲ್ಲು ಆಗ ಕಡಿಮೆ. ದೇಶದೊಳಗೇ ಸಿಗುತ್ತಿದ್ದದ್ದರಲ್ಲಿ ಹೀರೊ ಹಾಕ್ ಹೆಸರಾಗಿತ್ತು. ಕರ್ನಾಟಕದಲ್ಲಿ ರೇಸಿನ ನಿಜವಾದ ನೆಲ ಉತ್ತರದ್ದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆ, ಇಲ್ಲಿಂದ ಬಂದ ಹುಡುಗ ಹುಡುಗಿಯರು ರಾಜ್ಯಕ್ಕೆ ಪದಕ ತಂದರು. ಈ ಕ್ರೀಡೆಯನ್ನು ಪ್ರೀತಿಸುವ ಬೆಂಗಳೂರಿನವರು ಇದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಗೇರಿನ ರೋಡ್ ಬೈಕು ರಸ್ತೆ ತುಂಬಿದ್ದು ತೀರಾ ಈಚೆಗೆ: 2006ರ ಹೊತ್ತಿಗೆ ಜಯನಗರದ ಬಮ್ಸ್ ಆನ್ ದ ಸ್ಯಾಡಲ್‌ನಂಥ ಅಂಗಡಿ ಬಂತು, 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಶುರುವಾಯಿತು. ಅಷ್ಟರಲ್ಲಿ ಪ್ರಪಂಚ ಅಲ್ಯುಮಿನಿಯಂ, ಕಾರ್ಬನ್ ಕಡೆಗೆ ಹೊರಳಿತ್ತು. ಕನಕಪುರ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಸಾಗುವ ಸವಾರರ ಗುಂಪಿನಲ್ಲಿ ಉಕ್ಕಿನ ಫ್ರೇಮು ಒಂದಿದ್ದರೆ ಹೆಚ್ಚು.

ಹಾಗಿದ್ದೂ ಉಕ್ಕನ್ನೇ ಹುಡುಕುವುದೇಕೆ? ಉಕ್ಕು ತಿದ್ದಿದರೆ ತಿದ್ದಿಸಿಕೊಳ್ಳುತ್ತದೆ. ಐದು ಹಲ್ಲುಚಕ್ರದ ಕಾಲದ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಜಾಗದ ಅಗಲ 120 ಮಿ.ಮೀ.; ಆರೇಳು ಹಲ್ಲುಚಕ್ರ ಬಂದಾಗ ಅದು 126 ಆಯಿತು, ಎಂಟರ ಕಾಲಕ್ಕೆ 130. 126ರ ಉಕ್ಕಿನ ಫ್ರೇಮನ್ನು ಬಿಸಿ ಮಾಡದೆ, ಕಡೆಗೆ ಎರಡೆರಡು ಮಿ.ಮೀ. ಹೊರಕ್ಕೆ ಬಾಗಿಸಿ ಹೊಸ ಚಕ್ರ ಕೂರಿಸಬಹುದು. ಅಲ್ಯುಮಿನಿಯಂನಲ್ಲಿ ಈ ಸಾಹಸ ಮಾಡಿದರೆ ಫ್ರೇಮು ಬಿರುಕು ಬಿಡಬಹುದು.

ಬಾಗಿಸಿದ್ದು ನೇರವಾಗಿದೆಯೇ ಎಂದು ನೋಡಲು ಯಂತ್ರ ಬೇಡ, ಒಂದು ಗಟ್ಟಿ ದಾರ ಸಾಕು. ದಾರವನ್ನು ಹಿಂದಿನ ಚಕ್ರ ಕೂರುವ ಒಂದು ಕಚ್ಚಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೊಳವೆಯನ್ನು ಬಳಸಿ, ಇನ್ನೊಂದು ಕಚ್ಚಿಗೆ ಬಿಗಿಯಾಗಿ ತಂದು ಕಟ್ಟುತ್ತಾರೆ. ಈಗ ಸೀಟಿನ ಕೊಳವೆಯ ಎಡಬಲಗಳಲ್ಲಿ ದಾರಕ್ಕೂ ಕೊಳವೆಗೂ ಇರುವ ಸಂದನ್ನು ಸ್ಕೇಲಿನಿಂದ ಅಳೆಯಬೇಕು. ಎರಡೂ ಕಡೆ ಒಂದೇ ಬಂದರೆ ಫ್ರೇಮು ಸರಿ. ಬಲಕ್ಕೆ 30, ಎಡಕ್ಕೆ 34 ಬಂದರೆ ಹಿಂಭಾಗ ಒಂದು ಕಡೆಗೆ ವಾಲಿದೆ. ಮರದ ಪಟ್ಟಿ ಸಿಕ್ಕಿಸಿ, ಒಂದಿಷ್ಟು ಎಳೆದು, ಮತ್ತೆ ದಾರ ಕಟ್ಟಿ, ಮತ್ತೆ ಅಳೆಯಬೇಕು. ಅರ್ಧ ದಿನ ಹಿಡಿಸುವ ಈ ಕೆಲಸದಲ್ಲಿ ಆತುರ ಸಲ್ಲದು.

ಕಾಟರ್ ಪಿನ್ನಿನದು ಇನ್ನೊಂದು ಪಾಠ. ಪೆಡಲಿನ ಕೈಯನ್ನು ನಡುಗಡ್ಡಿಗೆ ಹಿಡಿದಿಡುವ ಈ ಇಳಿಜಾರು ಪಿನ್ನು ತುಕ್ಕು ಹಿಡಿದು ಕೂತರೆ, ಸುತ್ತಿಗೆಯಿಂದ ಬಡಿಯುತ್ತ ಹೋದವರು ಒಳಗಿನ ಗುಂಡುಗಳ ಹಾದಿಯಲ್ಲಿ ಕುಳಿ ಬೀಳಿಸುತ್ತಾರೆ. ಅನುಭವಸ್ಥರು ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಪೆಡಲಿನ ಕೈಯ ಕೆಳಗೆ ನೆಲಕ್ಕೆ ಊರಿದ ಕಬ್ಬಿಣದ ಪೈಪು ಆನಿಸಿ, ನಟ್ಟನ್ನು ಪಿನ್ನಿನ ತುದಿಗೆ ಸಮವಾಗಿ ಇಟ್ಟು, ಒಂದೇ ಏಟು ಕೊಡುತ್ತಾರೆ. ಮತ್ತೆ ಜೋಡಿಸುವಾಗ ಎರಡು ಪಿನ್ನುಗಳ ಮುಖ ಒಂದಕ್ಕೊಂದು ತಿರುಗುಮುರುಗಾಗಿರಬೇಕು. ತಪ್ಪಿದರೆ ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ.

ನಿಜವಾದ ತೊಡಕು ಥ್ರೆಡ್ಡಿನದು. ಬ್ರಿಟಿಷ್ ಸೈಕಲ್ಲುಗಳಲ್ಲಿ ನಡುಗಡ್ಡಿಯ ಗುಂಡುಗಳನ್ನು ಹಿಡಿದಿಡುವ ‘ಕಪ್ಪು’ ಎಂಬ ಬಟ್ಟಲಿಗೆ ಇಂಚಿಗೆ 24 ಥ್ರೆಡ್ಡು ರೂಢಿ. ಬಹುತೇಕ ಭಾಗಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿ ಮಾತ್ರ 26 ಇಟ್ಟುಕೊಂಡಿತು. ಎರಡಕ್ಕೂ ವ್ಯಾಸ ಒಂದೇ ಆದ್ದರಿಂದ 24ರ ಕಪ್ಪು 26ರ ಫ್ರೇಮಿಗೆ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಫ್ರೇಮೇ ಹಾಳು. ಬಲಗಡೆಯ ಕಪ್ಪಿನ ಥ್ರೆಡ್ಡು ಎಡಸುತ್ತಿನದೆಂದು ಗೊತ್ತಿಲ್ಲದೆ ಸ್ಪ್ಯಾನರ್ ಹಾಕಿದವರು ಬಿಚ್ಚುವ ಬದಲು ಬಿಗಿದಿದ್ದೂ ಉಂಟು. ಚಕ್ರದ ಅಳತೆಯೂ ಹೀಗೆಯೇ. ಹಳೇ ರೋಡ್ ಬೈಕಿನ 27 ಇಂಚಿನ ರಿಮ್ಮಿನ ವ್ಯಾಸ 630 ಮಿ.ಮೀ., ಇಂದಿನ 700ಸಿ ರಿಮ್ಮಿನದು 622. ಹೊಸ ಚಕ್ರ ಹಾಕಿದರೆ ಬ್ರೇಕಿನ ರಬ್ಬರು 4 ಮಿ.ಮೀ. ಕೆಳಗೆ ಎಟುಕಬೇಕು. ಹಳೇ ಬ್ರೇಕಿನ ತೋಳು ಸಾಲದಿದ್ದರೆ ಉದ್ದ ತೋಳಿನದನ್ನು ಹುಡುಕಬೇಕು. ಅಲ್ಲಿಗೆ ಬೆರಕೆಗೆ ಇನ್ನೊಂದು ಊರು ಸೇರಿತು.

ಬೆಂಗಳೂರಿನಲ್ಲಿ ಈ ಹುಡುಕಾಟಕ್ಕೆ ಜಾಗಗಳಿವೆ. ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆ, ಕಲಾಸಿಪಾಳ್ಯದ ಗುಜರಿ, ಎಸ್‌ಜೆಪಿ ರಸ್ತೆಯ ನಟ್ಟು ಬೋಲ್ಟಿನ ಅಂಗಡಿ. ಎಲ್ಲೂ ಸಿಗದಿದ್ದರೆ ಯಲಚೇನಹಳ್ಳಿ, ಸಾರಕ್ಕಿ ಕಡೆಯ ಲೇತ್ ಷೆಡ್ಡುಗಳು ವಸಂತಪುರಕ್ಕೆ ದೂರವಲ್ಲ. ಕಾಟರ್ ಪಿನ್ನು, ಆಕ್ಸಲ್ಲು, ವಾಷರ್‌ನಂಥವನ್ನು ಮಾದರಿ ಕೊಟ್ಟರೆ ಕಡೆದುಕೊಡುತ್ತಾರೆ. ಯಂತ್ರದ ಕೆಲಸ ಗೊತ್ತಿರುವವರು ಇಷ್ಟೊಂದು ಮಂದಿ ಇರುವ ಊರಿನಲ್ಲಿ ಹಳೇ ಸೈಕಲ್ಲು ತುಕ್ಕು ಹಿಡಿದು ಸಾಯಬೇಕಾದ ಕಾರಣವೇ ಇಲ್ಲ.

ಮೂಲ ಸ್ಥಿತಿಗೇ ತರಬೇಕು, ಬೇರೆ ಕಂಪನಿಯದು ಒಂದು ನಟ್ಟೂ ಕೂಡದು ಎನ್ನುವವರ ನಿಷ್ಠೆ ದೊಡ್ಡದು. ಕೈ ಬಿದ್ದಿಲ್ಲದ ಸೆನ್–ರ‍್ಯಾಲಿಯೊಂದು ಸಿಕ್ಕರೆ ಅದನ್ನು ಹಾಗೆಯೇ ಕಾಪಾಡಬೇಕು, ಸಂಶಯವಿಲ್ಲ. ಅಂಥವನ್ನು ಮಾಡಿದ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚಿವೆ. ಸೆನ್–ರ‍್ಯಾಲಿ ಸರ್ಕಾರದ ಕೈಸೇರಿ ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಆಗಿ ಕೊನೆಗೆ ನಿಂತೇಹೋಯಿತು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆದರೆ ನಲವತ್ತು ವರ್ಷ ದುಡಿದ ಸೈಕಲ್ಲಿನಿಂದ ಲೂಧಿಯಾನದ ಪೆಡಲನ್ನು ಕಿತ್ತೆಸೆದು, ಇಂಗ್ಲೆಂಡಿನಿಂದ ಅಸಲಿ ಪೆಡಲು ತರಿಸಿ ಹಾಕಿದರೆ, ಅದು ಬೆಂಗಳೂರಿನಲ್ಲಿ ಬಾಳಿದ ಗುರುತು ಅಳಿಸಿದಂತೆ. ಪೌಡರ್ ಕೋಟಿಂಗಿನದೂ ಇದೇ ತಪ್ಪು. ಹೊಳಪಿನ ದಪ್ಪ ಪದರದಡಿ ಲಗ್ಗಿನ ಚೂಪು ಅಂಚು, ಫ್ರೇಮ್ ನಂಬರು, ಸವೆದ ಲಾಂಛನ ಎಲ್ಲ ಮುಚ್ಚಿಹೋಗುತ್ತವೆ. ಸುರಕ್ಷೆಗೆ ಬೇಕಾದ್ದನ್ನು, ಅಂದರೆ ಬ್ರೇಕಿನ ರಬ್ಬರು, ಕೇಬಲ್ಲು, ಟೈರು, ಚೈನುಗಳನ್ನು, ಹೊಸದು ಹಾಕಿ ಉಳಿದದ್ದನ್ನು ತೊಳೆದು ಎಣ್ಣೆ ಬಿಟ್ಟು ಇದ್ದಂತೆ ಉಳಿಸುವುದೇ ಸರಿಯಾದ ಮಾರ್ಗ.

ಮನೆಯಲ್ಲಿ ಅಂಥದೊಂದು ಸೈಕಲ್ಲಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಇಷ್ಟು ಮಾಡಿ. ಸೀಟಿನ ಕೊಳವೆಯ ಮೇಲೋ ನಡುಗಡ್ಡಿ ಕೂರುವ ಕೊಳವೆಯ ತಳದಲ್ಲೋ ಕೊರೆದಿರುವ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾರು, ಯಾವ ವರ್ಷ, ಎಲ್ಲಿ ಕೊಂಡರೆಂದು ಮನೆಯ ಹಿರಿಯರನ್ನು ಕೇಳಿ ಅದರ ಕೆಳಗೆ ಸೇರಿಸಿ. ಯಾವ ಭಾಗ ಯಾವಾಗ ಬದಲಾಯಿತೆಂದು ಅವರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ. ಆಮೇಲೆ ಸೈಕಲ್ಲನ್ನು ಹತ್ತಿರದ ಷಾಪಿಗೆ ಒಯ್ದು ದಾರ ಕಟ್ಟಿ ನೋಡಿಸಿ. ಫ್ರೇಮು ನೇರವಾಗಿದ್ದರೆ ಉಳಿದದ್ದೆಲ್ಲ ಸಿಗುತ್ತದೆ.