ಮನೆಯ ವರದಿ ಮನೆಗೇ ಮರೆ: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನೆಲೆಯಲ್ಲಿ ಬಾಲನ್ಯಾಯ ಹಾಗೂ ಕುಟುಂಬದ ಹಕ್ಕು

ಪೊಲೀಸರು ಹುಡುಗನೊಬ್ಬನನ್ನು ಹಿಡಿದರೆ ತಂದೆತಾಯಿಗೆ ತಿಳಿಸಬೇಕು, ಬಾಲನ್ಯಾಯ ಮಂಡಳಿಯ ಮುಂದೆ ಹಾಜರಿರುವಂತೆ ಸೂಚಿಸಬೇಕು. ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. 2015ರ ಬಾಲನ್ಯಾಯ ಕಾಯ್ದೆಯ 13ನೇ ಕಲಂ ಹೇಳುವುದಿಷ್ಟು.

ಆ ವರದಿ ಹೆಸರಿಗೆ ಮಗುವಿನದು, ಒಳಗೆಲ್ಲ ಮನೆಯದು. ಕೇಂದ್ರದ 2016ರ ಮಾದರಿ ನಿಯಮಗಳ 6ನೇ ನಮೂನೆ ಮನೆಯವರ ದುಡಿಮೆ, ಆದಾಯ, ಚಟ, ತಂದೆತಾಯಿಯ ಹೊಂದಾಣಿಕೆ, ಮನೆಯಲ್ಲಿ ಬೇರೆ ಯಾರ ಮೇಲಾದರೂ ಕೇಸು ಇತ್ತೇ ಎಂಬುದನ್ನೆಲ್ಲ ಕೇಳುತ್ತದೆ. 12ನೇ ಕಲಮಿನ ಪ್ರಕಾರ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಹುಡುಗನಿಗೆ ನೈತಿಕ ಅಥವಾ ಮಾನಸಿಕ ಅಪಾಯವಿದೆ ಎನಿಸಿದರೆ ನಿರಾಕರಿಸಬಹುದು. ಮನೆಯೇ ಆ ಅಪಾಯವೆಂದು ತೀರ್ಮಾನಿಸಲು ಇಂಥ ವರದಿ ಸಾಕಾಗುತ್ತದೆ. ಆದರೆ 99ನೇ ಕಲಂ ಅದನ್ನು ಗೋಪ್ಯವೆನ್ನುತ್ತದೆ. ಮಂಡಳಿಗೆ ಸೂಕ್ತ ಕಂಡರೆ ಮಾತ್ರ ಅದರ ಸಾರಾಂಶವನ್ನು ಪೋಷಕರಿಗೆ ತಿಳಿಸಿ, ಉತ್ತರವಾಗಿ ಸಾಕ್ಷ್ಯ ಒದಗಿಸಲು ಅವಕಾಶ ಕೊಡಬಹುದು. ಸಂತ್ರಸ್ತರಿಗೆ ದಾಖಲೆ ನಿರಾಕರಿಸುವಂತಿಲ್ಲ ಎಂದು ಇದೇ ಕಲಂ ಖಚಿತವಾಗಿ ನುಡಿಯುತ್ತದೆ; ಪೋಷಕರ ಪಾಲಿಗೆ ಆ ಖಚಿತತೆ ಇಲ್ಲ. ಹೊಣೆ ಹೊರಿಸುವಾಗ ಮಾತ್ರ ಕಾಯ್ದೆಗೆ ಸಂಕೋಚವಿಲ್ಲ: 90ನೇ ಕಲಮಿನಡಿ ಹಾಜರಿ, 18ನೇ ಕಲಮಿನಡಿ ಮುಚ್ಚಳಿಕೆ, ತಂದೆತಾಯಿಯ ಮೇಲೆ ದಂಡವೂ ಬೀಳಬಹುದು.

ಹುಡುಗರನ್ನು ಮನೆಯಿಂದ ದೂರವಿಡುವ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲಿದೆ. 1929ರ ಮುಂಬೈ ಬೋರ್ಸ್ಟಲ್ ಶಾಲೆಗಳ ಕಾಯ್ದೆಯಡಿ ಪ್ರಾಂತ್ಯದ ಹದಿಹರೆಯದ ಅಪರಾಧಿಗಳನ್ನು ಧಾರವಾಡದ ಶಾಲೆಯಲ್ಲಿ ಇಡುತ್ತಿದ್ದರು. ಮಗನ ಮುಖ ನೋಡಲು ನಾಸಿಕ್ ಕಡೆಯ ತಾಯಿ ಅಲ್ಲಿಯತನಕ ಬರಬೇಕಿತ್ತು. ಈಗ ವಿಚಾರಣೆಯ ವೇಳೆ ಹುಡುಗರನ್ನು ಇಡುವ ವೀಕ್ಷಣಾಲಯ ನಾಸಿಕ್‌ನ ಉಂಟವಾಡಿಯಲ್ಲೇ ಇದೆ. ಜನರ ಬಾಯಲ್ಲಿ ಅದು ಇಂದಿಗೂ ‘ರಿಮಾಂಡ್ ಹೋಮ್’. ದೂರವೇನೋ ತಗ್ಗಿತು. ಆದರೆ ನಾಸಿಕ್‌ನ ಸಾತಪುರದಲ್ಲೋ ಸಂಭಾಜಿನಗರದ ವಾಳೂಜದಲ್ಲೋ ಕಾರ್ಖಾನೆಯ ಪಾಳಿಯ ಮೇಲೆ ದುಡಿಯುವವರಿಗೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ.

ಮೇಲಿನ ನ್ಯಾಯಾಲಯದ ಹಾದಿಯೂ ಎರಡು ಊರಿಗೆ ಒಂದೇ ಅಲ್ಲ. ಮಕ್ಕಳ ನ್ಯಾಯಾಲಯಕ್ಕೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದು ಜಿಲ್ಲೆಯಲ್ಲೇ ಆಗುತ್ತದೆ. ಹೈಕೋರ್ಟಿನ ಪುನರ್ವಿಮರ್ಶೆಗೆ ಸಂಭಾಜಿನಗರದವರಿಗೆ 1981ರಿಂದ ಊರಲ್ಲೇ ಪೀಠವಿದೆ. ನಾಸಿಕ್‌ನವರು ಮುಂಬೈ ಹತ್ತಬೇಕು. ಹೈಕೋರ್ಟಿನ ಬಾಗಿಲು ತಟ್ಟಿದರೆ ಫಲ ಸಿಗುವುದುಂಟು: ಹದಿಹರೆಯದ ಹುಡುಗನೊಬ್ಬ ಆರೋಪಿಯಾದ 2024ರ ಪುಣೆ ಕಾರು ಅಪಘಾತದ ಪ್ರಕರಣದಲ್ಲಿ ಅವನ ಸೋದರತ್ತೆ, ಅಕ್ರಮ ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಜಾಮೀನು ಪಡೆದವನನ್ನು ಮತ್ತೆ ವೀಕ್ಷಣಾಲಯಕ್ಕೆ ಕಳಿಸಿದ ಆದೇಶಗಳನ್ನು ಬಾಂಬೆ ಹೈಕೋರ್ಟ್ ಜೂನ್ 25ರಂದು ರದ್ದುಪಡಿಸಿ, ಹುಡುಗನನ್ನು ಅತ್ತೆಯ ವಶಕ್ಕೊಪ್ಪಿಸಿತು. ಸಾರ್ವಜನಿಕ ಆಕ್ರೋಶ ಏನೇ ಇರಲಿ, ತೀರ್ಪು ಕಾನೂನಿನ ದೃಷ್ಟಿಯಲ್ಲಿ ಸರಿಯೇ. ಅತ್ತೆಗೆ ದಕ್ಕಿದ ಆ ದಾರಿ ವಾಳೂಜದ ಕೂಲಿಕಾರನಿಗೂ ಕಾಗದದ ಮೇಲೆ ತೆರೆದೇ ಇದೆ. ಆದರೆ ವಕೀಲರ ಫೀಸು ಹೊಂದಿಸುವಷ್ಟರಲ್ಲಿ ನಾಲ್ಕು ತಿಂಗಳ ವಿಚಾರಣಾವಧಿಯೇ ಮುಗಿದಿರುತ್ತದೆ.

ಹೀಗಾಗಿ ಮೊದಲ ಮೆಟ್ಟಿಲಲ್ಲೇ ವರದಿ ಮನೆಯವರಿಗೆ ಸಿಗಬೇಕು. ಇದಕ್ಕೆ ತಿದ್ದುಪಡಿಗಾಗಿ ಕಾಯಬೇಕಿಲ್ಲ. ಜಾಮೀನು ನಿರಾಕರಿಸುವ ಮುನ್ನ ವರದಿಯ ಸಾರಾಂಶವನ್ನು ತಂದೆತಾಯಿಗೆ ಅವರ ಮಾತಿನಲ್ಲೇ ಓದಿ ಹೇಳಿ ಉತ್ತರ ಬರೆದುಕೊಳ್ಳುವ ಅಧಿಕಾರವನ್ನು 99ನೇ ಕಲಂ ಎರಡೂ ಊರಿನ ಮಂಡಳಿಗಳಿಗೆ ಈಗಲೇ ಕೊಟ್ಟಿದೆ.