ಬೇಲಿ ದಾಟಿದ ಸುದ್ದಿಗಳು

ಹಾಲಿವುಡ್ ಚಿತ್ರಗಳ ಔತಣಕೂಟದ ದೃಶ್ಯಗಳಲ್ಲಿ ಗಂಡಸರು ಧರಿಸುವ ಗಿಡ್ಡನೆಯ ಕಪ್ಪು ಕೋಟಿಗೆ ಅಮೆರಿಕನ್ನರು ‘ಟಕ್ಸೀಡೊ’ ಎನ್ನುತ್ತಾರೆ. ಇದು ಮೂಲತಃ ಬಟ್ಟೆಯ ಹೆಸರಲ್ಲ, ಊರಿನ ಹೆಸರು. ನ್ಯೂಯಾರ್ಕ್ ನಗರದಿಂದ ಸುಮಾರು 40 ಮೈಲಿ ದೂರದಲ್ಲಿ, ರಾಮಾಪೋ ಬೆಟ್ಟಗಳ ನಡುವಿನ ಮೂರು ಸರೋವರಗಳ ಸುತ್ತ ಹರಡಿಕೊಂಡಿರುವ ಟಕ್ಸೀಡೊ ಪಾರ್ಕ್ ಎಂಬ ಪುಟ್ಟ ಊರೇ ಆ ಕೋಟಿಗೆ ತನ್ನ ಹೆಸರನ್ನು ಕೊಟ್ಟಿದ್ದು. ಕ್ಲಬ್ಬೊಂದು ಊರಾಗಿ ಬೆಳೆದ ಅಪರೂಪದ ನಿದರ್ಶನವಿದು. ಹೊರಗಿನವರ ಕಣ್ಣಿನಿಂದ ದೂರವಿರಬೇಕೆಂದು ಬೇಲಿ ಕಟ್ಟಿಕೊಂಡ ಈ ಊರಿನ ಸುದ್ದಿಗಳೇ ಹೊರಗಿನವರಿಗೆ ಅತ್ಯಂತ ಪ್ರಿಯವಾದವು ಎಂಬುದು ಇದರ ಇತಿಹಾಸದ ಸ್ವಾರಸ್ಯ.

ಕಾಡಿನಲ್ಲೊಂದು ಕ್ಲಬ್ಬು

ಈ ಊರನ್ನು ಕಟ್ಟಿಸಿದವನು ತಂಬಾಕಿನ ವ್ಯಾಪಾರದಲ್ಲಿ ಹಣ ಮಾಡಿದ ಮನೆತನದ ನಾಲ್ಕನೆಯ ಪಿಯರ್ ಲೊರಿಲಾರ್ಡ್. ಬೇಟೆ, ಮೀನುಗಾರಿಕೆಗಳಿಗೆ ಅನುಕೂಲವಾದ ತನ್ನ ಕುಟುಂಬದ ಕಾಡುಭೂಮಿಯಲ್ಲಿ ಸಿರಿವಂತ ಗೆಳೆಯರಿಗಾಗಿ ಒಂದು ವಸತಿ ನೆಲೆ ನಿರ್ಮಿಸುವ ಯೋಚನೆ ಅವನಿಗೆ 1885ರಲ್ಲಿ ಬಂತು. ವಾಸ್ತುಶಿಲ್ಪಿ ಬ್ರೂಸ್ ಪ್ರೈಸ್ ನಕ್ಷೆ ಬರೆದ. ಇಟಲಿ ಮತ್ತು ಸ್ಲೋವಾಕ್ ಮೂಲದವರೂ ಸೇರಿದಂತೆ ಸುಮಾರು 1,800 ಕೂಲಿಕಾರರು ಚಳಿಗಾಲವಿಡೀ ದುಡಿದರು. ಕೆಲವೇ ತಿಂಗಳಲ್ಲಿ ರಸ್ತೆ, ಒಳಚರಂಡಿ, ಕ್ಲಬ್ ಕಟ್ಟಡ ಮತ್ತು ಮನೆಗಳು ಸಿದ್ಧವಾದವು. 1886ರ ಮೇ ತಿಂಗಳ ಕೊನೆಯಲ್ಲಿ ವಿಶೇಷ ರೈಲುಗಳಲ್ಲಿ ಬಂದ ಅತಿಥಿಗಳ ಸಮ್ಮುಖದಲ್ಲಿ ಊರು ಉದ್ಘಾಟನೆಯಾಯಿತು.

ಸುತ್ತಲೂ 8 ಅಡಿ ಎತ್ತರದ ಮುಳ್ಳುತಂತಿ ಬೇಲಿ, ಪ್ರವೇಶದಲ್ಲಿ ಕಲ್ಲಿನ ಹೆಬ್ಬಾಗಿಲು, ಅಲ್ಲಿ ಕಾವಲುಗಾರರು. ಕ್ಲಬ್ಬಿನ ಸದಸ್ಯರಲ್ಲದವರು ಒಳಗೆ ಆಸ್ತಿ ಕೊಳ್ಳುವಂತಿರಲಿಲ್ಲ. ಹಣವಿದ್ದ ಮಾತ್ರಕ್ಕೆ ಸದಸ್ಯತ್ವ ಸಿಗುತ್ತಲೂ ಇರಲಿಲ್ಲ, ಇದ್ದವರು ಒಪ್ಪಬೇಕಿತ್ತು. ಊರನ್ನು ಕಟ್ಟಿದ ಕೂಲಿಕಾರರು, ಅಂಗಡಿಯವರು, ಕುದುರೆಲಾಯದ ಆಳುಗಳು ಹೆಬ್ಬಾಗಿಲಿನ ಹೊರಗೆ, ರೈಲು ನಿಲ್ದಾಣದ ಬಳಿ ನೆಲೆಸಿದರು.

ಒಳಗಿನ ಜೀವನದಲ್ಲಿ ದೊಡ್ಡ ಘಟನೆಗಳೆಂದರೆ ನಿಶ್ಚಿತಾರ್ಥ, ಮದುವೆ, ಮಕ್ಕಳ ಜನನ, ವಾರಾಂತ್ಯದ ಅತಿಥಿಗಳು. ಇವೆಲ್ಲಕ್ಕೂ ಕಳಶಪ್ರಾಯವಾಗಿದ್ದುದು ಪ್ರತಿವರ್ಷ ಅಕ್ಟೋಬರಿನಲ್ಲಿ ಜರುಗುತ್ತಿದ್ದ ಶರತ್ಕಾಲದ ನೃತ್ಯಕೂಟ. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳನ್ನು ಸಿರಿವಂತ ಸಮಾಜಕ್ಕೆ ಪರಿಚಯಿಸುವ ಸಂದರ್ಭವದು. ಅಲ್ಲಿ ಯಾರು ಬಂದರು, ಯಾರ ಜೊತೆ ಯಾರು ನರ್ತಿಸಿದರು ಎಂಬ ವಿವರಗಳು ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು.

ಮೊದಲ ವರ್ಷದ ನೃತ್ಯಕೂಟಕ್ಕೆ ಪಿಯರ್‌ನ ಮಗ ಗ್ರಿಸ್ವಲ್ಡ್ ಲೊರಿಲಾರ್ಡ್ ಹಿಂಬದಿಯ ಬಾಲವಿಲ್ಲದ ಕೋಟು ತೊಟ್ಟು ಬಂದನೆಂದು ‘ಟೌನ್ ಟಾಪಿಕ್ಸ್’ ಎಂಬ ವಾರಪತ್ರಿಕೆ ಗೇಲಿ ಮಾಡಿ ಬರೆಯಿತು. ಅವನು ತೊಟ್ಟದ್ದು ಇಂದಿನ ಟಕ್ಸೀಡೊ ಮಾದರಿಯದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇಂಗ್ಲೆಂಡಿನ ಯುವರಾಜನ ಗಿಡ್ಡ ಕೋಟನ್ನು ಕಂಡು ಬಂದ ಜೇಮ್ಸ್ ಪಾಟರ್ ಎಂಬ ಸದಸ್ಯನೇ ಆ ಉಡುಪನ್ನು ಕ್ಲಬ್ಬಿಗೆ ತಂದನೆಂಬ ಇನ್ನೊಂದು ಕಥೆಯೂ ಇದೆ. ಯಾರೇ ತಂದಿರಲಿ, ಕೋಟಿಗೆ ಊರಿನ ಹೆಸರು ಅಂಟಿಕೊಂಡಿತು.

ಗುಟ್ಟಿಗೊಂದು ಬೆಲೆ

ಅದೇ ‘ಟೌನ್ ಟಾಪಿಕ್ಸ್’ ಮುಂದೆ ಸಿರಿವಂತರ ನಿದ್ದೆಗೆಡಿಸಿತು. 1891ರಲ್ಲಿ ಕರ್ನಲ್ ವಿಲಿಯಂ ಡಿ’ಆಲ್ಟನ್ ಮ್ಯಾನ್ ಅದರ ಒಡೆತನ ವಹಿಸಿಕೊಂಡ. ಅಮೆರಿಕದ ಅಂತರ್ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದ ಈ ಬಿಳಿಗಡ್ಡದ ಹಿರಿಯ ಒಂದು ಚಾಣಾಕ್ಷ ವಿಧಾನವನ್ನು ಬಳಸುತ್ತಿದ್ದ. ಒಬ್ಬರ ಅನೈತಿಕ ಸಂಬಂಧದ ಸುದ್ದಿಯನ್ನು ಹೆಸರಿಲ್ಲದೆ ಅಚ್ಚು ಮಾಡುವುದು. ಅದರ ಆಸುಪಾಸಿನಲ್ಲೇ ಆ ವ್ಯಕ್ತಿಯ ಬಗ್ಗೆ ನಿರುಪದ್ರವಿಯಾದ ಇನ್ನೊಂದು ಸುದ್ದಿಯನ್ನು ಹೆಸರು ಸಹಿತ ಪ್ರಕಟಿಸುವುದು. ಬಲ್ಲವರು ಎರಡನ್ನೂ ಕೂಡಿಸಿ ಓದಿಕೊಳ್ಳುತ್ತಿದ್ದರು. ಮನೆಯಾಳುಗಳಿಂದಲೂ ತಂತಿ ಕಚೇರಿಯ ನೌಕರರಿಂದಲೂ ಅವನಿಗೆ ಮಾಹಿತಿ ಸಿಗುತ್ತಿತ್ತು. ಅಷ್ಟೇ ಅಲ್ಲ, ಹಣದ ಅಡಚಣೆಯಲ್ಲಿದ್ದ ಸಿರಿವಂತ ಸಮಾಜದವರೇ ತಮ್ಮವರ ಗುಟ್ಟನ್ನು ಮಾರುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು ಪರಿಸ್ಥಿತಿ.

ಸುದ್ದಿ ಅಚ್ಚು ಮಾಡುವುದಕ್ಕಿಂತ ಮಾಡದಿರುವುದರಲ್ಲಿ ಲಾಭ ಹೆಚ್ಚೆಂಬುದು ಮ್ಯಾನ್‌ಗೆ ತಿಳಿದಿತ್ತು. ಅವನು ಸಿರಿವಂತರಿಂದ ‘ಸಾಲ’ ಪಡೆಯುತ್ತಿದ್ದ, ಆದರೆ ತೀರಿಸುತ್ತಿರಲಿಲ್ಲ. ಅವರ ಗುಣಗಾನಕ್ಕೆಂದೇ ಸಿದ್ಧಪಡಿಸಿದ ಅಲಂಕೃತ ಗ್ರಂಥಗಳಿಗೆ ದುಬಾರಿ ಚಂದಾ ವಸೂಲು ಮಾಡುತ್ತಿದ್ದ. ಕೊಟ್ಟವರ ಬಗ್ಗೆ ಪತ್ರಿಕೆ ಮೌನವಾಗಿರುತ್ತಿತ್ತು.

1905ರ ಬೇಸಿಗೆಯಲ್ಲಿ ಮ್ಯಾನ್ ಕಡೆಯವನೊಬ್ಬ ಷೇರು ದಲ್ಲಾಳಿ ಎಡ್ವಿನ್ ಪೋಸ್ಟ್‌ನನ್ನು ಕಂಡು, 500 ಡಾಲರ್ ಚಂದಾ ಕೊಡದಿದ್ದರೆ ರಂಗನಟಿಯೊಂದಿಗಿನ ಸಂಬಂಧ ಪತ್ರಿಕೆಯಲ್ಲಿ ಬರುವುದೆಂದು ಸೂಚಿಸಿದ. ಎಡ್ವಿನ್ ಟಕ್ಸೀಡೊ ಪಾರ್ಕ್‌ನ ನಿವಾಸಿ. ಅವನ ಪತ್ನಿ ಎಮಿಲಿ, ಆ ಊರಿನ ನಕ್ಷೆ ಬರೆದ ಬ್ರೂಸ್ ಪ್ರೈಸ್‌ನ ಒಬ್ಬಳೇ ಮಗಳು. 1892ರಲ್ಲಿ ಅಲ್ಲಿಯೇ ಅವರ ಮದುವೆ ನಡೆದಿತ್ತು, ಇಬ್ಬರು ಗಂಡುಮಕ್ಕಳಿದ್ದರು. ಆ ವೇಳೆಗೆ ಎಡ್ವಿನ್‌ನ ವ್ಯಾಪಾರವೂ ಕುಸಿದಿತ್ತು. ಅವನು ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಹಣ ಕೊಡಬೇಡವೆಂದು ಎಮಿಲಿಯೇ ಹೇಳಿದಳೆಂದು ಆಕೆಯ ಜೀವನಚರಿತ್ರಕಾರರು ಬರೆಯುತ್ತಾರೆ. ಎಡ್ವಿನ್ ಸರ್ಕಾರಿ ವಕೀಲರಿಗೆ ದೂರು ಕೊಟ್ಟ. ಹಣ ಪಡೆಯಲು ಬಂದವನು ಪೊಲೀಸರ ಬಲೆಗೆ ಬಿದ್ದ.

ಇದೊಂದು ದಿಟ್ಟ ನಿರ್ಧಾರ. ಆದರೆ ಅದಕ್ಕೆ ಬೆಲೆ ತೆತ್ತವಳು ಎಮಿಲಿ. ಒಂದು ವಾರಪತ್ರಿಕೆಯಲ್ಲಿ ಸುಳಿವಾಗಿ ಬರಬಹುದಾಗಿದ್ದ ಸಂಗತಿ ನಗರದ ದಿನಪತ್ರಿಕೆಗಳಲ್ಲಿ ಹೆಸರು ಸಮೇತ ಪ್ರಕಟವಾಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಲೋಕದ ಬಾಯಿ ಮುಚ್ಚಲಾದೀತೇ? ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಇತ್ತ, ಮ್ಯಾನ್‌ನ ವ್ಯವಹಾರಗಳನ್ನು ಟೀಕಿಸಿದ ‘ಕೋಲಿಯರ್ಸ್’ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಯಿತು. ವಿಚಾರಣೆಯಲ್ಲಿ ಅವನಿಗೆ ‘ಸಾಲ’ ಕೊಟ್ಟ ಕೋಟ್ಯಧೀಶರ ಹೆಸರುಗಳು ಒಂದೊಂದಾಗಿ ಹೊರಬಂದವು. 1906ರಲ್ಲಿ ‘ಕೋಲಿಯರ್ಸ್’ ಸಂಪಾದಕ ನಿರ್ದೋಷಿ ಎಂದು ತೀರ್ಪಾಯಿತು. ಮ್ಯಾನ್‌ನ ವರ್ಚಸ್ಸು ಕುಂದಿತು.

ಒಳಗಿನ ಪಾಠ ಹೊರಗಿನವರಿಗೆ

ಎಮಿಲಿ ಬರವಣಿಗೆಯನ್ನು ಜೀವನೋಪಾಯವಾಗಿ ಹಿಡಿದಳು. ಮೊದಲು ಕಾದಂಬರಿ, ಲೇಖನಗಳು. ಬಳಿಕ 1922ರಲ್ಲಿ ಶಿಷ್ಟಾಚಾರವನ್ನು ಕುರಿತ ದೊಡ್ಡ ಗ್ರಂಥ. ನಿಶ್ಚಿತಾರ್ಥವನ್ನು ಹೇಗೆ ಪ್ರಕಟಿಸಬೇಕು, ಮದುವೆಯ ಆಮಂತ್ರಣದಲ್ಲಿ ಏನಿರಬೇಕು, ಸಾವಿನ ಮನೆಗೆ ಹೋದವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ಆಕೆ ಸರಳವಾಗಿ ತಿಳಿಸಿದಳು. ಬೇಲಿಯೊಳಗಿನವರು ಹುಟ್ಟಿನಿಂದಲೇ ಕಲಿಯುತ್ತಿದ್ದ, ಹೊರಗಿನವರನ್ನು ಗುರುತಿಸಿ ದೂರವಿಡಲು ಬಳಸುತ್ತಿದ್ದ ರೀತಿನೀತಿಗಳು ಪುಸ್ತಕದಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂತಾದವು. ಪರರ ಮನಸ್ಸನ್ನು ನೋಯಿಸದಿರುವುದೇ ಶಿಷ್ಟಾಚಾರದ ತಿರುಳು ಎಂಬುದು ಆಕೆಯ ನಿಲುವು. ಪುಸ್ತಕ ಮತ್ತೆ ಮತ್ತೆ ಪರಿಷ್ಕರಣಗೊಂಡಿತು. 1960ರಲ್ಲಿ ತೀರಿಕೊಳ್ಳುವ ವೇಳೆಗೆ ಎಮಿಲಿ ಪೋಸ್ಟ್ ಎಂಬ ಹೆಸರು ಅಮೆರಿಕದಲ್ಲಿ ಮನೆಮಾತಾಗಿತ್ತು.

ಸುದ್ದಿಯಾಗದ ಸುದ್ದಿ

ಈ ಊರಿನಲ್ಲಿ ನಡೆದ ಅತ್ಯಂತ ಮಹತ್ವದ ಘಟನೆ ಮಾತ್ರ ಆಗ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬ್ಯಾಂಕಿಂಗ್ ವ್ಯವಹಾರದಲ್ಲಿ ಸಂಪತ್ತು ಗಳಿಸಿದ ಆಲ್ಫ್ರೆಡ್ ಲೂಮಿಸ್ 1926ರಲ್ಲಿ ಇಲ್ಲಿನ ‘ಟವರ್ ಹೌಸ್’ ಬಂಗಲೆಯನ್ನು ಕೊಂಡು ಅದನ್ನು ಖಾಸಗಿ ಪ್ರಯೋಗಾಲಯವಾಗಿ ಮಾರ್ಪಡಿಸಿದ. ಐನ್‌ಸ್ಟೈನ್, ನೀಲ್ಸ್ ಬೋರ್, ಫರ್ಮಿ ಅವರಂಥ ವಿಜ್ಞಾನಿಗಳು ಅಲ್ಲಿಗೆ ಬಂದುಹೋದರು. ನಿದ್ರೆಯಲ್ಲಿ ಮಿದುಳಿನ ವಿದ್ಯುತ್ ಅಲೆಗಳು ಹೇಗೆ ಬದಲಾಗುತ್ತವೆಂಬ ಮುಖ್ಯ ಸಂಶೋಧನೆ 1930ರ ದಶಕದಲ್ಲಿ ಇಲ್ಲಿ ನಡೆಯಿತು. 1940ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವು ‘ಕ್ಯಾವಿಟಿ ಮ್ಯಾಗ್ನೆಟ್ರಾನ್’ ಎಂಬ ಸಾಧನದ ರಹಸ್ಯವನ್ನು ಲೂಮಿಸ್‌ಗೆ ತಿಳಿಸಿದ್ದು ಟಕ್ಸೀಡೊ ಪಾರ್ಕ್‌ನಲ್ಲಿ. ವಿಮಾನದಲ್ಲಿ ಒಯ್ಯಬಹುದಾದ ಸಣ್ಣ, ಶಕ್ತಿಶಾಲಿ ರಾಡಾರ್ ಅದರಿಂದ ಸಾಧ್ಯವಾಯಿತು. ಶತ್ರು ವಿಮಾನಗಳನ್ನೂ ಜಲಾಂತರ್ಗಾಮಿಗಳನ್ನೂ ಪತ್ತೆ ಮಾಡುವುದರಲ್ಲಿ ಅದು ವಹಿಸಿದ ಪಾತ್ರ ದೊಡ್ಡದು.

ನೃತ್ಯಕೂಟದಲ್ಲಿ ಯಾರು ಯಾವ ಕೋಟು ತೊಟ್ಟಿದ್ದರೆಂಬುದನ್ನು ಊರಿಗೆಲ್ಲ ಸಾರಿದ ಜಾಗದಲ್ಲಿ ಯುದ್ಧದ ಗತಿಯನ್ನೇ ಪ್ರಭಾವಿಸಿದ ಗುಟ್ಟೊಂದು ಸುರಕ್ಷಿತವಾಗಿ ಉಳಿಯಿತು. ಬೇಲಿಯಾಗಲೀ ಕಾವಲುಗಾರರಾಗಲೀ ಅದಕ್ಕೆ ಕಾರಣವಲ್ಲ. ಅದನ್ನು ತಿಳಿದ ಕೆಲವೇ ಮಂದಿ ಬಾಯಿ ಬಿಡಲಿಲ್ಲ, ಅಷ್ಟೆ.

1929ರ ಆರ್ಥಿಕ ಕುಸಿತದ ನಂತರ ದೊಡ್ಡ ಬಂಗಲೆಗಳನ್ನು ಸಾಕುವುದು ಅನೇಕರಿಗೆ ಭಾರವಾಯಿತು. 1952ರಲ್ಲಿ ಟಕ್ಸೀಡೊ ಪಾರ್ಕ್ ಕಾನೂನುಬದ್ಧ ಗ್ರಾಮವಾಯಿತು. ತೆರಿಗೆ, ರಸ್ತೆ, ನೀರಿನ ಚರ್ಚೆಗಳು ಗ್ರಾಮಾಡಳಿತದ ಪಾಲಿಗೆ ಬಂದವು. ಕೆಲವು ನೂರು ಜನರ ಆ ಊರಿನಲ್ಲಿ ಕಲ್ಲಿನ ಹೆಬ್ಬಾಗಿಲು ಈಗಲೂ ಇದೆ. ಅದರೊಳಗೆ ಕಾಲಿಡದ ಲಕ್ಷಾಂತರ ಮಂದಿ ಊರಿನ ಹೆಸರಿನ ಕೋಟನ್ನು ತಮ್ಮ ಮದುವೆಯ ದಿನ ಬಾಡಿಗೆಗೆ ತಂದು ತೊಡುತ್ತಾರೆ.